ಮಾಟಗಾರ ಕಾಣಿಸುತ್ತಾನಾ?

ಗ್ರಾದಿಮಿರ್ ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು, ಹಳೆಯ ನೂಲಿನ ಗಿರಣಿಯ ಊಟದ ಹಾಲ್‌ನ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಬಂದ. ಬಾಗಿಲ ಬಳಿಯೇ ನಾಲ್ಕು ಜನ ಸಿಗರೇಟು ಮುಗಿಸುತ್ತ ನಿಂತಿದ್ದರು. ಒಬ್ಬನೂ ಬಾಗಿಲು ಹಿಡಿಯಲಿಲ್ಲ.

"ನೋಡ್ರೋ, ಸ್ಮಶಾನ ಕಾಯೋನು ಬಂದ," ಎಂದ ವ್ರ್ಶಾತ್ಸ್ ಊರಿನ ದಪ್ಪನೆಯ ಮನುಷ್ಯ. "ಕೈ ಜೇಬಲ್ಲಿಟ್ಕೊಂಡು ಆಡಪ್ಪಾ ಈ ಸಲ."

"ನೀನು ಬಾಯಿ ಜೇಬಲ್ಲಿಟ್ಕೋ," ಎಂದು ಗ್ರಾದಿಮಿರ್ ನಿಲ್ಲದೆ ಮುಂದೆ ಹೋದ.

ಅವನು ಪಾಂಚೆವೊ ಊರಿನಲ್ಲಿ ಬೀಗ ರಿಪೇರಿ ಮಾಡುವವನು. ಐವತ್ತರ ಹತ್ತಿರದ ವಯಸ್ಸು, ಅಗಲ ಭುಜ, ಯಾರನ್ನೂ ನೇರ ನೋಡದ ಕಣ್ಣು. ಝ್ರೆನ್ಯಾನಿನ್‌ನ ಈ ಪಂದ್ಯಕ್ಕೆ ಆರು ವರ್ಷದಿಂದ ಬಂದಿರಲಿಲ್ಲ. ಅವನಿಗೆ ಮುಖ ತೋರಿಸುವ ಧೈರ್ಯವಿಲ್ಲ ಎಂದು ಯಾರೋ ಆಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಅದೊಂದೇ ಕಾರಣಕ್ಕೆ ಈ ಸಲ ಹೆಸರು ಕೊಟ್ಟಿದ್ದ.

ಹೆಬ್ಬೆರಳುದ್ದದ ಗೊಂಬೆಗಳನ್ನು ಚಪ್ಪಟೆ ತಟ್ಟೆಗಳಲ್ಲಿ ಸಾಲು ಸಾಲಾಗಿ ನಿಲ್ಲಿಸಿ, ತಟ್ಟೆಗಳನ್ನು ಮೇಜಿನ ಮೇಲೆ ಅಳತೆಪಟ್ಟಿಯಿಂದ ಅಳೆದು ಮುಂದೆ ಸರಿಸಿ, ದಾಳ ಉರುಳಿಸಿ ಯುದ್ಧ ಮಾಡುವ ಆಟ ಅದು. ಬೇರೆಯವರು ಸರದಾರರ ಸೈನ್ಯವನ್ನೋ ಕಾಡುಜನರ ಸೈನ್ಯವನ್ನೋ ತರುತ್ತಿದ್ದರು. ಗ್ರಾದಿಮಿರ್ ತರುತ್ತಿದ್ದದ್ದು ಸತ್ತವರ ಸೈನ್ಯ. ತುಕ್ಕು ಹಿಡಿದ ಈಟಿ ಹಿಡಿದ ಎಲುಬುಗೂಡುಗಳು, ಕೊಳೆತ ಕುದುರೆಗಳು, ಎಲ್ಲರ ಹಿಂದೆ ಕಪ್ಪು ನಿಲುವಂಗಿಯ ಒಬ್ಬ ಮಾಟಗಾರ. ಎದುರಾಳಿ ಕಷ್ಟಪಟ್ಟು ಹತ್ತು ಎಲುಬುಗೂಡು ಕೆಡವಿದರೆ ಮಾಟಗಾರ ಆರನ್ನು ಮತ್ತೆ ಎಬ್ಬಿಸುತ್ತಿದ್ದ. ಅವನು ಸತ್ತರೆ ಮಾತ್ರ ಎಲ್ಲವೂ ಸರದಿಗಿಷ್ಟರಂತೆ ತಾವಾಗಿಯೇ ಪುಡಿಯಾಗುತ್ತಿದ್ದವು. ಆದರೆ ಅವನನ್ನು ಸಾಯಲು ಬಿಡುವವನಲ್ಲ ಗ್ರಾದಿಮಿರ್. ಹಾಗಾಗಿ ಅವನ ಎದುರು ಆಡಿದವರು ಸೋತರೂ ಗೆದ್ದರೂ ತಲೆನೋವಿನಲ್ಲೇ ಏಳುತ್ತಿದ್ದರು.

ತೀರ್ಪುಗಾರ ಲಾಸ್ಲೊ ಕಾಫಿ ಲೋಟ ಹಿಡಿದು ಹತ್ತಿರ ಬಂದ. ಅವನೊಬ್ಬ ಮಾತ್ರ ಕೈಕುಲುಕಿದ.

"ಗ್ರಾದಾ, ಮೊದಲ ಸುತ್ತಿಗೆ ನಿನಗೊಂದು ಸವಾಲು ಬಂದಿದೆ. ಬೇಡ ಅನ್ನೋದಾದ್ರೆ ಅನ್ನು, ಚೀಟಿ ಎತ್ತಿ ಬೇರೆಯವರ ಜೊತೆ ಹಾಕ್ತೀನಿ."

"ಯಾರದು?"

ಲಾಸ್ಲೊ ಕಾಫಿಯ ಕಡೆ ನೋಡಿದ. "ತಾಸಿಚ್."

ಗ್ರಾದಿಮಿರ್‌ನ ಕತ್ತು ಕೆಂಪಾಯಿತು. ನೆಬೊಯ್ಶಾ ತಾಸಿಚ್ ಅವನ ಕೂಮ. ಅಂದರೆ ನೆಬೊಯ್ಶಾನ ಮದುವೆಯಲ್ಲಿ ಪಕ್ಕದಲ್ಲಿ ನಿಂತು ಸಾಕ್ಷಿಯಾದವನೂ, ಮಗು ಹುಟ್ಟಿದಾಗ ಜ್ಞಾನಸ್ನಾನಕ್ಕೆ ಎತ್ತಿಕೊಂಡವನೂ ಗ್ರಾದಿಮಿರ್. ಒಡಹುಟ್ಟಿದವರ ಜೊತೆ ಮಾತು ಬಿಟ್ಟವರುಂಟು, ಕೂಮನ ಜೊತೆ ಯಾರೂ ಬಿಡುವುದಿಲ್ಲ. ಇವರು ಬಿಟ್ಟಿದ್ದರು. ಆರು ವರ್ಷದ ಹಿಂದೆ ಇದೇ ಹಾಲಿನಲ್ಲಿ ಆಟದ ನಡುವೆ ನೆಬೊಯ್ಶಾ ಎದ್ದು ನಿಂತು, "ಕಳ್ಳ! ಒಂದೊಂದ್ಸಲಕ್ಕೂ ಬೆರಳಗಲ ಜಾಸ್ತಿ ತಳ್ತಿದಾನೆ!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದ. ಗ್ರಾದಿಮಿರ್ ಸುಮ್ಮನಿರಲಿಲ್ಲ. "ನಿನ್ನ ಮದುವೇಲಿ ನಿಲ್ಲೋಕೆ ಮೂರು ಜನ ಒಲ್ಲೆ ಅಂದ್ಮೇಲೆ ನನ್ನ ಹತ್ರ ಬಂದೆ. ನಾನೂ ಅವತ್ತೇ ಒಲ್ಲೆ ಅನ್ಬೇಕಿತ್ತು," ಎಂದಿದ್ದ. ಅಲ್ಲಿಗೆ ಮುಗಿದಿತ್ತು.

"ಒಪ್ಕೊಂಡೆ ಅಂತ ಹೇಳು ಅವನಿಗೆ," ಎಂದ ಗ್ರಾದಿಮಿರ್.

"ಅವನಿಗಲ್ಲ..." ಎಂದು ಲಾಸ್ಲೊ ಶುರು ಮಾಡುವಷ್ಟರಲ್ಲಿ ಗ್ರಾದಿಮಿರ್ ಮೇಜಿನ ಕಡೆ ಹೊರಟಾಗಿತ್ತು.

ಮೇಜಿನ ಆಚೆ ಬದಿಯಲ್ಲಿ ಇಪ್ಪತ್ತೆರಡರ ಹುಡುಗಿಯೊಬ್ಬಳು ತನ್ನ ಫಿರಂಗಿಗಳನ್ನು ಒಂದೊಂದಾಗಿ ಪೆಟ್ಟಿಗೆಯಿಂದ ತೆಗೆದಿಡುತ್ತಿದ್ದಳು. ಗಿಡ್ಡ ಕೂದಲು, ಗಂಡಸರ ಬೂಟು, ಕಿವಿಯಲ್ಲಿ ಒಂದೇ ಓಲೆ. ಅವಳು ತಲೆ ಎತ್ತಿದಾಗ ನೆಬೊಯ್ಶಾನದೇ ಹುಬ್ಬುಗಳು ಕಂಡವು. ಗ್ರಾದಿಮಿರ್ ಪೆಟ್ಟಿಗೆ ಕೆಳಗಿಡುವುದನ್ನು ಮರೆತ.

"ತೆಯಾ?"

"ತೆಯೊದೋರಾ," ಎಂದಳು. "ಸಾಮಾನು ಜೋಡ್ಸಿ. ಹತ್ತು ನಿಮಿಷದಲ್ಲಿ ಗಡಿಯಾರ ಶುರು ಆಗುತ್ತೆ."

ಅವನು ಚಾಚಿದ ಕೈಯನ್ನು ಅವಳು ನೋಡಿದಳು, ಮತ್ತೆ ಫಿರಂಗಿಯ ಚಕ್ರ ಸರಿಮಾಡತೊಡಗಿದಳು.

ಆಟ ಶುರುವಾಯಿತು. ಇಬ್ಬರಿಗೂ ತಮ್ಮ ತಮ್ಮ ಸಮಯ, ನಡುವೆ ಚದುರಂಗದವರ ಜೋಡಿ ಗಡಿಯಾರ. ಗ್ರಾದಿಮಿರ್ ಮೊದಲ ಸಾಲಿನ ಈಟಿಯವರ ತಟ್ಟೆಯನ್ನು ಮುಂದೆ ತಳ್ಳಿದ. ಕೈ ತೆಗೆಯುವುದಕ್ಕೂ ಬಿಡದೆ ಅವಳು ಉಕ್ಕಿನ ಅಳತೆಪಟ್ಟಿ ತಂದು ಅಡ್ಡ ಇಟ್ಟಳು.

"ವಾಪಸ್ ಇಡಿ. ಮತ್ತೆ ಅಳೀರಿ."

"ಸರಿಯಾಗೇ ಇದೆ."

"ಎಡ ಮೂಲೆ ಸರಿ ಇದೆ. ಬಲ ಮೂಲೆ ನೋಡಿ. ಓರೆಯಾಗಿ ತಳ್ಳಿದ್ರೆ ಆ ಕಡೆ ಬೆರಳಗಲ ಜಾಸ್ತಿ ಹೋಗುತ್ತೆ. ನಿಮಗೆ ಗೊತ್ತಿರೋ ವಿಷಯಾನೇ ಅಲ್ವಾ?"

ಪಕ್ಕದ ಮೇಜಿನವರು ಮುಸಿಮುಸಿ ನಕ್ಕರು. ಗ್ರಾದಿಮಿರ್ ತಟ್ಟೆಯನ್ನು ಹಿಂದಿಟ್ಟು, ಎರಡೂ ಮೂಲೆ ಅಳೆದು, ಮತ್ತೆ ತಳ್ಳಿದ. ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಅವಳು ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಮುಂದಿನ ತಟ್ಟೆಗೆ ಮತ್ತೆ ಪಟ್ಟಿ ತಂದಳು. ಅದರ ಮುಂದಿನದಕ್ಕೂ.

"ಮೊಣಕೈ ತೆಗೀರಿ ಮೇಜಿನಿಂದ."

"ನಿನ್ನ ಗಡಿಯಾರ ನೋಡ್ಕೋ ಮೊದ್ಲು. ನೀನು ತಕರಾರು ತೆಗೆದಷ್ಟು ಹೊತ್ತು ಓಡೋದು ನಿನ್ ಟೈಮು, ನನ್ದಲ್ಲ."

"ನಾನು ನಿಮಗೆ ನೀವು ಅಂತಿದೀನಿ."

"ನಿನ್ನನ್ನ ಜ್ಞಾನಸ್ನಾನಕ್ಕೆ ಎತ್ಕೊಂಡೋನು ನಾನು. ಪಾದ್ರಿ ಎದುರಿಗೇ ನನ್ನ ಹೊಸ ಅಂಗಿ ಮೇಲೆಲ್ಲಾ ಹಾಲು ಕಕ್ಕಿದ್ದೆ. ನಿನಗೆ ನೀವು ಅನ್ಬೇಕಾ?"

"ಅನ್ಬೇಕು."

"ಆಯ್ತು. ತಾವು ಫಿರಂಗಿ ಹಾರಿಸೋಣಾಗಲಿ, ಮಹಾರಾಣಿಯವರು."

ಮಹಾರಾಣಿ ಹಾರಿಸಿದಳು. ಮೊದಲ ಗುಂಡಿಗೇ ಈಟಿಯವರ ನಡುವೆ ಒಂದು ಓಣಿ ಬಿತ್ತು. ಬಂದೂಕಿನವರು ಇನ್ನಷ್ಟನ್ನು ಕೆಡವಿದರು. ಗ್ರಾದಿಮಿರ್ ಬಿದ್ದವುಗಳನ್ನು ಪಕ್ಕಕ್ಕೆ ತೆಗೆದಿಟ್ಟು, ಮಾಟಗಾರನ ದಾಳ ಉರುಳಿಸಿ, ಅರ್ಧಕ್ಕಿಂತ ಹೆಚ್ಚನ್ನು ಮತ್ತೆ ತಂದು ನಿಲ್ಲಿಸಿದ. ಬೇಕೆಂದೇ ನಿಧಾನವಾಗಿ, ಒಂದೊಂದನ್ನೂ ಅವಳ ಕಣ್ಣೆದುರು ಎತ್ತಿ ಹಿಡಿದು ನಿಲ್ಲಿಸಿದ.

"ಅಸಹ್ಯದ ಸೈನ್ಯ," ಎಂದಳು ತೆಯೊದೋರಾ. "ಮುಂದಕ್ಕೆ ಬರೋಕೆ ಧೈರ್ಯ ಇಲ್ದೇ ಇರೋರು ಆಡೋದು ಇದನ್ನ. ಸತ್ತವ್ರನ್ನ ಮುಂದೆ ಬಿಟ್ಟು ಹಿಂದೆ ಅಡಗಿಕೊಳ್ಳೋದು."

"ನಿಮ್ಮಪ್ಪ ಹೇಳ್ಕೊಟ್ಟು ಕಳಿಸಿದ್ನಾ ಇದನ್ನ?"

"ಅಪ್ಪ ಅವತ್ತಿಂದ ಗೊಂಬೆ ಮುಟ್ಟಿಲ್ಲ. ಎಲ್ಲಾ ಮಾರಿಬಿಟ್ಟ. ನಾನಿಲ್ಲಿ ಬಂದಿರೋದೂ ಅವನಿಗೆ ಗೊತ್ತಿಲ್ಲ."

"ಮತ್ತೆ ನಿನಗೇನು ಕೆಲಸ ಇಲ್ಲಿ?"

ಅವಳು ದಾಳಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಫೋನ್ ಮಾಡಿದ್ರೆ ಎತ್ತಲ್ಲ. ನಿಮ್ಮ ಅಂಗಡಿ ಬಾಗಿಲಿಗೆ ಬಂದಿದ್ದೆ ಒಂದ್ಸಲ, ಹಿಂದಿನ ಬಾಗಿಲಿಂದ ಹೊರಟ್ಹೋದ್ರಿ. ಎದ್ದು ಓಡಿಹೋಗೋಕಾಗದ ಹಾಗೆ ನಿಮ್ಮನ್ನ ಎರಡು ಗಂಟೆ ಒಂದು ಕಡೆ ಕೂರಿಸೋಕೆ ನನಗೆ ಬೇರೆ ದಾರಿ ಕಾಣಲಿಲ್ಲ. ಈ ದರಿದ್ರ ಆಟ ಅದಕ್ಕೇ ಕಲಿತೆ."

ಗ್ರಾದಿಮಿರ್‌ಗೆ ಅಂಗಡಿಯ ಆ ದಿನ ನೆನಪಿತ್ತು. ಗಾಜಿನಾಚೆ ಅವಳ ಮುಖದಲ್ಲಿ ನೆಬೊಯ್ಶಾನ ಹುಬ್ಬು ಕಂಡು ತಂದೆಯೂ ಜೊತೆಗಿದ್ದಾನೆ ಅಂದುಕೊಂಡಿದ್ದ. ಅದನ್ನು ಹೇಳಬೇಕೆನಿಸಿತು.

"ನಿನ್ನ ಸರದಿ," ಎಂದ.

"ಅಪ್ಪನಿಗೂ ನಿಮಗೂ ಜಗಳ. ಸರಿ. ನನಗೂ ನಿಮಗೂ ಯಾವಾಗ ಜಗಳ ಆಯ್ತು? ಅದನ್ನ ಹೇಳಿ."

"ನಿನ್ನ ಸರದಿ ಅಂದೆ. ಟೈಮು ಓಡ್ತಿದೆ."

ಅವಳು ದಾಳ ಎಸೆದ ರಭಸಕ್ಕೆ ಒಂದು ಹಾರಿ ನೆಲಕ್ಕೆ ಬಿತ್ತು.

ಮೂರನೆಯ ಸರದಿಯ ಹೊತ್ತಿಗೆ ಅವಳ ಬಂದೂಕಿನವರಲ್ಲಿ ಅರ್ಧ ಜನವೂ ಉಳಿದಿರಲಿಲ್ಲ. ಆದರೂ ಅವಳು ಅಂಜಲಿಲ್ಲ. ಒಂದು ಇಡೀ ಪಡೆಯನ್ನು ಬೇಕೆಂದೇ ಬಲಿಕೊಟ್ಟು ಗ್ರಾದಿಮಿರ್‌ನ ಕಾವಲುಪಡೆಯನ್ನು ಒಂದಿಷ್ಟು ಪಕ್ಕಕ್ಕೆ ಎಳೆದಳು. ಅಲ್ಲೊಂದು ಸಂದು ಬಿತ್ತು. ಆ ಸಂದಿನ ತುದಿಯಲ್ಲಿ ಮಾಟಗಾರ. ಫಿರಂಗಿಯ ಮಟ್ಟದಿಂದ ಗುರಿ ಕಣ್ಣಿಗೆ ಕಂಡರೆ ಮಾತ್ರ ಹಾರಿಸಬಹುದು. ಅವಳು ಫಿರಂಗಿಯ ಹಿಂದೆ ಮಂಡಿಯೂರಿ, ಕೆನ್ನೆಯನ್ನು ಮೇಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದಳು.

"ಕಾಣಿಸ್ತಾನೆ. ಮಾಟಗಾರನಿಗೆ ಹಾರಿಸ್ತೀನಿ."

ಗ್ರಾದಿಮಿರ್ ಸುತ್ತಿ ಬಂದು ಅವಳ ಪಕ್ಕದಲ್ಲೇ ಬಗ್ಗಿ ನೋಡಿದ. ಕಾವಲುಪಡೆಯ ಬಾವುಟ ಮಾಟಗಾರನನ್ನು ಪೂರ್ತಿ ಮುಚ್ಚಿತ್ತು. ಅಂಚಿನಲ್ಲಿ ಕಪ್ಪಗೆ ಕಾಣುತ್ತಿದ್ದದ್ದು ಅವನ ತೋಳಲ್ಲ, ಹಿಂದಿದ್ದ ಆಟಿಕೆಯ ಸುಟ್ಟ ಮರದ ಕೊಂಬೆ.

"ಅದು ಮರ. ಅವನು ಕಾಣಲ್ಲ."

"ತೋಳು ಕಾಣ್ತಿದೆ."

"ಮರ ಅಂದ್ನಲ್ಲ."

"ಲಾಸ್ಲೊ!" ಎಂದು ಅವಳು ಕೂಗಿದಳು. ಅದು ಆ ಬೆಳಿಗ್ಗೆಯ ನಾಲ್ಕನೆಯ ಕರೆಯಿರಬೇಕು. ಲಾಸ್ಲೊ ಬಂದ, ಕನ್ನಡಕ ಹಣೆಗೇರಿಸಿದ, ಇಳಿಸಿದ, ಬಗ್ಗಿ ಬಹಳ ಹೊತ್ತು ನೋಡಿ ಸೊಂಟ ಹಿಡಿದುಕೊಂಡು ಎದ್ದ. "ಎರಡೂ ಕಪ್ಪಗಿವೆ. ನನ್ನ ಕಣ್ಣಿಗೆ ಗೊತ್ತಾಗ್ತಿಲ್ಲ ಕಣ್ರಯ್ಯಾ. ಇಬ್ಬರೂ ಮಾತಾಡಿ ಒಪ್ಕೊಳ್ಳಿ, ಇಲ್ಲಾಂದ್ರೆ ದಾಳ ಹಾಕಿ."

ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ತಮ್ಮ ಆಟ ಬಿಟ್ಟು ಸುತ್ತ ನಿಂತಿದ್ದರು. "ಬಿಟ್ಕೊಡೋ ಗ್ರಾದಾ, ಚಿಕ್ಕ ಹುಡುಗಿ," ಎಂದರು ಯಾರೋ. "ಅವನಾ ಬಿಡೋದು?" ಎಂದ ವ್ರ್ಶಾತ್ಸ್‌ನವನು. "ಕೂಮನ ಜೊತೇಲೇ ಮೋಸದಾಟ ಆಡ್ದೋನು!"

"ನಾನು ದಾಳ ಹಾಕಲ್ಲ," ಎಂದ ಗ್ರಾದಿಮಿರ್. "ಇರೋದು ಇದೆ, ಇಲ್ಲದ್ದು ಇಲ್ಲ. ಇದರಲ್ಲಿ ದಾಳ ಯಾಕೆ? ಕಾಣದೇ ಇರೋದನ್ನ ಕಾಣುತ್ತೆ ಅಂತ ನಾನು ಯಾಕೆ ಹೇಳ್ಲಿ?"

"ಅಪ್ಪ ಹೇಳಿದ್ದು ನಿಜವೇ ಹಾಗಾದ್ರೆ," ಎಂದಳು ತೆಯೊದೋರಾ. ಅವಳ ತುಟಿ ಬಿಳುಚಿತ್ತು.

ಗುಂಪಿನ ಹಿಂದೆ ಏನೋ ಗುಸುಗುಸು ಎದ್ದಿತು. ಜನ ಪಕ್ಕಕ್ಕೆ ಸರಿದರು. ಟೈರು ಅಂಗಡಿಯ ನೀಲಿ ಬಟ್ಟೆಯಲ್ಲೇ, ಕೈಗೆ ಕರಿ ಮೆತ್ತಿಕೊಂಡು ನೆಬೊಯ್ಶಾ ನಿಂತಿದ್ದ. ನಿನ್ನ ಮಗಳು ಗ್ರಾದಾನ ಎದುರು ಕೂತಿದ್ದಾಳೆ ಎಂದು ಯಾರೋ ಫೋನು ಮಾಡಿದ್ದರು. ಅಂಗಡಿ ಇದ್ದದ್ದು ಎರಡು ಬೀದಿ ಆಚೆ.

"ಏನು ಕೂಗಾಟ ಇದು?" ಎಂದ. ಗ್ರಾದಿಮಿರ್‌ನ ಕಡೆ ನೋಡಲಿಲ್ಲ.

"ಬಂದ್ಯಲ್ಲಾ, ಒಳ್ಳೇದಾಯ್ತು," ಎಂದಳು ಮಗಳು. "ಬಗ್ಗಿ ನೋಡು. ಇಲ್ಲಿಂದ ಮಾಟಗಾರ ಕಾಣಿಸ್ತಾನಾ ಇಲ್ವಾ, ನೀನೇ ಹೇಳು."

"ಅವನು ಹೇಗೆ ಹೇಳ್ತಾನೆ? ನಿಮ್ಮಪ್ಪ ಅವನು!" ಎಂದ ಗ್ರಾದಿಮಿರ್.

"ಹೆದರ್ತೀರಾ?"

ಹಾಲಿನಲ್ಲೆಲ್ಲ ನಗು. ಗ್ರಾದಿಮಿರ್ ಹಲ್ಲು ಕಚ್ಚಿ, "ನೋಡ್ಲಿ," ಎಂದ.

ನೆಬೊಯ್ಶಾ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮಂಡಿಯೂರಿದ. ಮೇಜಿನ ಅಂಚಿಗೆ ಗಲ್ಲ ಇಟ್ಟು ನೋಡಿದ. ಎದ್ದು ಬದಿಯಿಂದ ನೋಡಿ, ಮತ್ತೆ ಮಂಡಿಯೂರಿದ. ಆರು ವರ್ಷ ಗೊಂಬೆ ಮುಟ್ಟದವನು ಮೇಜಿನ ಮೇಲಿನ ಸಾಲುಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ.

"ಕಾಣಲ್ಲ," ಎಂದ. "ಅದು ಮರದ ಕೊಂಬೆ."

ಯಾರೂ ನಗಲಿಲ್ಲ. ಲಾಸ್ಲೊ, "ಹಾಗಾದ್ರೆ ಹಾರಿಸೋ ಹಾಗಿಲ್ಲ," ಎಂದು ಹೇಳಿ ಬೇಗ ಬೇಗ ಬೇರೆ ಮೇಜಿಗೆ ಹೋದ.

ತೆಯೊದೋರಾ ತಂದೆಯ ಮುಖ ನೋಡಿದಳು, ಆಮೇಲೆ ಗ್ರಾದಿಮಿರ್‌ನದು.

"ಭೇಷ್," ಎಂದಳು. "ಆರು ವರ್ಷ ಒಬ್ಬರ ಹೆಸರು ಒಬ್ಬರು ಎತ್ತಲಿಲ್ಲ. ಈಗ ನನ್ನ ವಿರುದ್ಧ ಒಂದಾದ್ರಾ?"

"ತೆಯಾ, ಇರೋದನ್ನ..."

"ಸಾಕು. ಹಿಂದೆ ಹೋಗಿ ನಿಂತ್ಕೋ ಅಪ್ಪಾ. ಬೆಳಕಿಗೆ ಅಡ್ಡ ಬರ್ತಿದೀಯ."

ಗ್ರಾದಿಮಿರ್‌ಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಿವಿ ಸುಡುತ್ತಿತ್ತು. ಬೆನ್ನ ಹಿಂದೆ ಎಲ್ಲೋ ನೆಬೊಯ್ಶಾ ಉಸಿರಾಡುತ್ತ ನಿಂತಿದ್ದಾನೆ ಎಂಬುದೊಂದೇ ತಲೆಯಲ್ಲಿತ್ತು. ಆ ಮನುಷ್ಯ ಬಾಯಿ ಬಿಟ್ಟು ಸತ್ಯ ಹೇಳಿದ್ದು ಅವನಿಗೆ ಸುಳ್ಳಿಗಿಂತ ಹೆಚ್ಚು ಸಿಟ್ಟು ತರಿಸಿತು. ಹೇಳೋದಕ್ಕೆ ಬರುತ್ತೆ ಅಂದಮೇಲೆ ಅವತ್ತು ಯಾಕೆ ಹೇಳಲಿಲ್ಲ? ಬೇಗ ಮುಗಿಸಿ ಎದ್ದರೆ ಸಾಕು ಅನಿಸಿ, ಅವನು ಎಂದೂ ಮಾಡದ್ದನ್ನು ಮಾಡಿದ. ಮಾಟಗಾರನ ಮುಂದಿದ್ದ ಕಾವಲುಪಡೆಯನ್ನು ಎತ್ತಿ ಫಿರಂಗಿಗಳ ಮೇಲೆ ನುಗ್ಗಿಸಿದ. ಎರಡು ಫಿರಂಗಿ ಮುರಿದವು.

ತೆಯೊದೋರಾ ಮುರಿದ ಫಿರಂಗಿಗಳನ್ನು ಪಕ್ಕಕ್ಕಿಟ್ಟಳು. ಮೇಜಿನ ಮೇಲಿನ ಪುಟ್ಟ ಗುಡ್ಡದ ಹಿಂದೆ ಅವಳ ಐದು ಕುದುರೆಸವಾರರು ಮೊದಲಿಂದಲೂ ಸುಮ್ಮನೆ ನಿಂತಿದ್ದರು. ಯಾರಿಗೂ ಲೆಕ್ಕವಿಲ್ಲದ, ತೆಳ್ಳನೆಯ ಅಂಗಿಯ ಸವಾರರು. ಅವಳು ಪಟ್ಟಿಯಿಂದ ಗುಡ್ಡದ ಸುತ್ತ ಅಳೆದಳು. ಇನ್ನೊಮ್ಮೆ ಅಳೆದಳು.

"ನೀವೂ ಅಳೀರಿ," ಎಂದಳು. "ಆಮೇಲೆ ತಕರಾರು ಬೇಡ."

ಗ್ರಾದಿಮಿರ್ ಅಳೆಯುವ ಮೊದಲೇ ನೋಡಿದ. ಸವಾರರು ಮತ್ತು ಮಾಟಗಾರನ ನಡುವೆ ಈಗ ಏನೂ ಇರಲಿಲ್ಲ.

"ತಲುಪುತ್ತೆ," ಎಂದ.

ಮಾಟಗಾರ ಮುದುಕ. ದೂರದಿಂದ ಬೇಕಾದ್ದು ಮಾಡಬಲ್ಲ, ಕತ್ತಿಯ ಎದುರು ಏನೂ ಅಲ್ಲ. ತೆಯೊದೋರಾ ದಾಳ ಉರುಳಿಸಿದಳು. ಬೇಕಾದದ್ದಕ್ಕಿಂತ ಹೆಚ್ಚೇ ಬಿತ್ತು. ಅವಳು ತಾನೇ ಕೈ ಚಾಚಿ ಮಾಟಗಾರನನ್ನು ಎರಡು ಬೆರಳಲ್ಲಿ ಎತ್ತಿ ಗ್ರಾದಿಮಿರ್‌ನ ಮುಂದೆ ಕುಕ್ಕಿದಳು. ನಿಲುವಂಗಿಯ ಅಂಚಿನ ಬಣ್ಣ ಚಕ್ಕೆಯಾಗಿ ಎದ್ದಿತು.

"ಎದುರಾಳಿಯ ಗೊಂಬೆ ಮುಟ್ಟೋ ಹಾಗಿಲ್ಲ," ಎಂದ ಗ್ರಾದಿಮಿರ್.

"ದೂರು ಕೊಡಿ."

ಅವನು ಕೊಡಲಿಲ್ಲ. ಉಳಿದದ್ದು ಕೆಟ್ಟ ಕೆಲಸ. ಪ್ರತಿ ಸರದಿಗೂ ದಾಳ ಹಾಕುವುದು, ಪುಡಿಯಾದಷ್ಟನ್ನು ತನ್ನ ಕೈಯಿಂದಲೇ ತೆಗೆಯುವುದು. ಈಟಿಯವರು ಹೋದರು, ಕೊಳೆತ ಕುದುರೆಗಳು ಹೋದವು, ಕೊನೆಗೆ ಫಿರಂಗಿ ಮುರಿದ ಕಾವಲುಪಡೆಯೂ ಹೋಯಿತು. ಅವಳು ಸುಮ್ಮನೆ ಕೈಕಟ್ಟಿ ನೋಡುತ್ತಿದ್ದಳು. ಮೇಜಿನ ಮೇಲೆ ಕೊನೆಯ ಎಲುಬುಗೂಡು ಇಲ್ಲವಾದಾಗ ಗಡಿಯಾರ ಒತ್ತಿ ನಿಲ್ಲಿಸಿ, ಜಾಕೆಟ್ ಎತ್ತಿಕೊಂಡು ಹೊರಗೆ ಹೋದಳು.

ನೆಬೊಯ್ಶಾ ಹತ್ತಿರ ಬಂದ. ಗಂಟಲು ಸರಿಮಾಡಿಕೊಂಡ.

"ಕೂಮ. ಒಂದು ಕಾಫಿ ಕುಡಿಯೋಣ್ವಾ?"

"ನಿನ್ ಜೊತೆ ಅಲ್ಲ."

"ಸತ್ಯ ಹೇಳಿದ್ನಲ್ಲಾ ಈಗ."

"ಇವತ್ತು ಬಗ್ಗಿ ನೋಡಿ ಹೇಳ್ದೆ. ಅವತ್ತು ಬಗ್ಗಲೇ ಇಲ್ಲ. ನಿಂತ ಕಡೆಯಿಂದಾನೇ ಕಳ್ಳ ಅಂದೆ."

"ನೀನು ಅಂದಿದ್ದು ಕಮ್ಮಿನಾ? ನನ್ನ ಹೆಂಡ್ತಿ ರೂಝಿತ್ಸಾ ಒಂದು ವಾರ ಅತ್ತಳು."

"ದಾರಿ ಬಿಡು," ಎಂದ ಗ್ರಾದಿಮಿರ್.

ಅಂಗಳದಲ್ಲಿ ತೆಯೊದೋರಾ ಗಿರಣಿಯ ಗೋಡೆಗೆ ಒರಗಿ ಸಿಗರೇಟು ಸೇದುತ್ತಿದ್ದಳು. ಅವನು ಬರುವುದನ್ನು ನೋಡಿ ಮುಖ ಆಚೆ ತಿರುಗಿಸಿದಳು.

"ಚೆನ್ನಾಗಿ ಆಡ್ದೆ," ಎಂದ.

"ನಿಮ್ಮ ಸರ್ಟಿಫಿಕೇಟ್ ಬೇಕಿಲ್ಲ."

"ಅಂಗಡಿಗೆ ಬಂದ ದಿನ... ನಿಮ್ಮಪ್ಪನೂ ಇದಾನೆ ಅಂದ್ಕೊಂಡೆ."

"ನನ್ನ ಹದಿನೆಂಟನೇ ಹುಟ್ಟುಹಬ್ಬಕ್ಕೂ ಹಾಗೇ ಅಂದ್ಕೊಂಡ್ರಾ?" ಅವಳು ಹೊಗೆ ಬಿಟ್ಟಳು. "ಇದೇ ಹಾಲಲ್ಲಿ ಅವತ್ತು ಏನಂದ್ರಿ ಅಂತ ನೆನಪಿದ್ಯಾ? ಮದುವೇಲಿ ನಿಲ್ಲೋಕೆ ಒಲ್ಲೆ ಅನ್ಬೇಕಿತ್ತು ಅಂದ್ರಿ. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ, ಅವನ ಪೆಟ್ಟಿಗೆ ಹಿಡ್ಕೊಂಡು. ಒಲ್ಲೆ ಅಂದಿದ್ರೆ ನನಗೆ ನೀವು ಯಾರೂ ಆಗ್ತಿರ್ಲಿಲ್ಲ. ಅಷ್ಟು ಸುಲಭವಾಗಿ ಅಂದ್ಬಿಟ್ರಿ."

ಗ್ರಾದಿಮಿರ್‌ಗೆ ಅವಳು ಅಲ್ಲಿದ್ದದ್ದು ಗೊತ್ತೇ ಇರಲಿಲ್ಲ. ಅವತ್ತು ಅವನು ನೋಡಿದ್ದು ನೆಬೊಯ್ಶಾನ ಬಾಯಿಯನ್ನು ಮಾತ್ರ.

"ಅದು ನಿನಗೆ ಅಂದಿದ್ದಲ್ಲ."

"ಬಿದ್ದಿದ್ದು ನನಗೆ."

ಅವನ ಬಾಯಲ್ಲಿ ಬಂದದ್ದು ಬೇರೆಯೇ. "ನಿಮ್ಮನೆ ಸಂತನ ಹಬ್ಬ ದಿಮಿತ್ರಿಯದೇ ತಾನೇ ಈಗಲೂ?" ಅವರಲ್ಲಿ ಮನೆತನಕ್ಕೊಬ್ಬ ಸಂತ, ಅವನ ದಿನ ಮನೆಗೆ ಬಂದವರಿಗೆಲ್ಲ ಊಟ.

"ಸಂತರನ್ನ ವರ್ಷಕ್ಕೊಬ್ಬರಂತೆ ಬದಲಾಯಿಸ್ತಾರಾ?" ಎಂದು ಅವಳು ಸಿಗರೇಟನ್ನು ಬೂಟಿನಡಿ ಹೊಸಕಿದಳು. "ಕರೀತಿದೀನಿ ಅಂತ ತಿಳ್ಕೋಬೇಡಿ. ಆ ಹಬ್ಬಕ್ಕೆ ಯಾರನ್ನೂ ಕರೆಯೋದಿಲ್ಲ. ಬರೋರು ಬರ್ತಾರೆ."

ಎರಡನೆಯ ಸುತ್ತಿನಲ್ಲಿ ತೆಯೊದೋರಾ ಸೋತಳು. ಸೋತವರೂ ಎಲ್ಲ ಸುತ್ತು ಆಡುವ ಪಂದ್ಯ ಅದು; ಗ್ರಾದಿಮಿರ್ ಉಳಿದೆಲ್ಲ ಆಟ ಗೆದ್ದ. ಅವನ ಕೈಲಿ ಸೋತ ವ್ರ್ಶಾತ್ಸ್‌ನವನು ತಟ್ಟೆ ಒದ್ದು ಹೋದ.

ನವೆಂಬರಿನಲ್ಲಿ ದಿಮಿತ್ರಿಯ ದಿನ ಮಧ್ಯಾಹ್ನ ಗ್ರಾದಿಮಿರ್ ಒಂದು ಬಾಟಲಿ ವೈನ್ ಹಿಡಿದು ತಾಸಿಚ್‌ರ ಮನೆಯ ಕರೆಗಂಟೆ ಒತ್ತಿದ. ಬಾಗಿಲು ತೆಗೆದವನು ನೆಬೊಯ್ಶಾ. ಇಬ್ಬರೂ ಬಾಟಲಿಯನ್ನು ನೋಡಿದರು.

"ಶೂ ಬಿಚ್ಚು," ಎಂದ ನೆಬೊಯ್ಶಾ.

ರೂಝಿತ್ಸಾ ಬೇಯಿಸಿದ ಗೋಧಿಯ ತಟ್ಟೆ ಮುಂದೆ ಹಿಡಿದಳು. ಗ್ರಾದಿಮಿರ್ ಶಿಲುಬೆಯ ಗುರುತು ಮಾಡಿ ಒಂದು ಚಮಚ ಬಾಯಿಗಿಟ್ಟುಕೊಂಡ. "ಹಬ್ಬ ಒಳ್ಳೇದಾಗ್ಲಿ," ಎಂದ. ಅವಳು ಕಿಟಕಿಯ ಬದಿಯ ಕುರ್ಚಿ ತೋರಿಸಿದಳು. ಸೂಪು ಬಂತು. ಕೋಸಿನೆಲೆಯಲ್ಲಿ ಸುತ್ತಿದ ಮಾಂಸ ಬಂತು. ನೆಬೊಯ್ಶಾ ಊಟದುದ್ದಕ್ಕೂ ಹೆಂಡತಿಯ ಮೂಲಕವೇ ಮಾತಾಡಿದ. "ಅವನಿಗೆ ಬ್ರೆಡ್ ಬೇಕಾ ಕೇಳು." "ಬೇಡ ಅಂತ ಹೇಳಮ್ಮಾ," ಎಂದ ಗ್ರಾದಿಮಿರ್. ಮೂರನೆಯ ಲೋಟ ರಾಕಿಯಾ ಸಾರಾಯಿ ಒಳಗೆ ಹೋದಮೇಲೆ ನೆಬೊಯ್ಶಾ ಉಪ್ಪಿನ ಡಬ್ಬಿ ಮತ್ತು ಚಾಕು ಎಳೆದುಕೊಂಡು, ಅವತ್ತು ತಟ್ಟೆ ಹೇಗೆ ಓರೆಯಾಗಿ ಹೋಯಿತು ಎಂದು ಮೇಜಿನ ಮೇಲೆ ತೋರಿಸತೊಡಗಿದ. ಗ್ರಾದಿಮಿರ್ ಚಾಕು ಕಿತ್ತುಕೊಂಡು ಅದು ನೇರವೇ ಹೋಯಿತು ಎಂದು ತೋರಿಸಿದ. ಇಬ್ಬರ ದನಿಯೂ ಏರಿತು. ಬಂದಿದ್ದ ನೆಂಟರು ತಟ್ಟೆ ನೋಡುತ್ತ ಕೂತರು.

"ಸಂತನ ಮೋಂಬತ್ತಿ ಉರೀತಿರೋವಾಗ ನನ್ನ ಮನೇಲಿ ಇದು ಬೇಡ," ಎಂದು ರೂಝಿತ್ಸಾ ಉಪ್ಪಿನ ಡಬ್ಬಿ ಎತ್ತಿಕೊಂಡು ಹೋದಳು. ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಲಿಲ್ಲ. ಆದರೆ ಗ್ರಾದಿಮಿರ್ ಕಾಫಿಯವರೆಗೂ ಕೂತ. ನೆಬೊಯ್ಶಾ ಕೇಳದೆಯೇ ಅವನ ಲೋಟಕ್ಕೆ ಇನ್ನೊಮ್ಮೆ ಸುರಿದ.

ಹೊರಡುವಾಗ ತೆಯೊದೋರಾ ಮೆಟ್ಟಿಲ ತನಕ ಬಂದಳು. ಲಿಫ್ಟು ಕೆಟ್ಟಿತ್ತು.

"ನನ್ನ ಸಿಟ್ಟು ಇಳಿದಿಲ್ಲ," ಎಂದಳು.

"ಗೊತ್ತು."

"ಒಂದು ಸಲ ಬಂದು ಊಟ ಮಾಡಿ ಹೋದ್ರೆ ಇಳಿಯೋದಲ್ಲ ಅದು."

"ಗೊತ್ತು ಅಂದೆ."

"ಮತ್ತೆ ಹೋಗಿ. ಕೆಳಗಿನ ಮಹಡೀಲಿ ದೀಪ ಇಲ್ಲ, ನೋಡ್ಕೊಂಡು ಇಳೀರಿ."

ಅವನು ಕಟಾಂಜನ ಹಿಡಿದು ಇಳಿಯತೊಡಗಿದ. ಎರಡು ಮಹಡಿ ಇಳಿಯುವ ತನಕ ಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಲಿಲ್ಲ. ಆಮೇಲೆ ಜೋರಾಗಿ ಮುಚ್ಚಿತು.